ಮೂರನೆಯವರು

"ಕಾರು ನುಜ್ಜುಗುಜ್ಜಾದ್ರೆ?"

"ಆಗಲಿ."

"ಕಳ್ಳತನ ಆದ್ರೆ?"

"ಕದ್ದವನಿಗೆ ಒಳ್ಳೇದಾಗಲಿ."

ವಿಮೆ ಏಜೆಂಟ್ ಪೆನ್ನು ಕೆಳಗಿಟ್ಟ. ಹನ್ನೆರಡು ವರ್ಷದ ಕಸುಬಿನಲ್ಲಿ ಅವನು ಜಿಪುಣರನ್ನು ಕಂಡಿದ್ದ, ಗಂಟೆಗಟ್ಟಲೆ ಚೌಕಾಸಿ ಮಾಡುವವರನ್ನೂ ಕಂಡಿದ್ದ. ಕಾರಿನ ಹೆಸರೆತ್ತಿದರೆ ಹಲ್ಲು ಕಡಿಯುವ ಹೆಂಗಸನ್ನು ಕಂಡಿರಲಿಲ್ಲ.

ಮೇಜಿನ ಮೇಲೆ ಮೂರು ಕಂಪನಿಗಳ ಕೊಟೇಶನ್ ಹರಡಿದ್ದವು. ಎದುರು ಕೂತವಳು ಟೈಲರ್. ತೋಳಿಗೆ ಇನ್ನೂ ನೀಲಿ ದಾರದ ಎಳೆ ಅಂಟಿಕೊಂಡಿತ್ತು. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ನೋಡುವ ಹಾಗೆ ಒಂದೊಂದು ಸಾಲಿನ ಮೇಲೂ ಉಗುರು ಎಳೆಯುತ್ತಿದ್ದಳು.

ಏಜೆಂಟ್ ಮತ್ತೆ ಮೊದಲಿನಿಂದ ಶುರುಮಾಡಿದ. "ನೋಡಿ ಮೇಡಂ, ಇದು ಸ್ವಂತ ಹಾನಿ. ಕಾರಿಗೆ ಪೆಟ್ಟಾದ್ರೆ ರಿಪೇರಿ ಖರ್ಚು ಬರುತ್ತೆ. ಇದು ಸವಕಳಿ ಕಳೆಯದ ಕವರ್. ಹಳೇ ಬಂಪರ್ ಹೋದ್ರೆ ಹೊಸದರ ಪೂರ್ತಿ ಬೆಲೆ ಕೊಡ್ತಾರೆ. ಇದು ಥರ್ಡ್ ಪಾರ್ಟಿ. ಮಾಲೀಕರು ಒಬ್ಬರು, ಕಂಪನಿ ಇನ್ನೊಬ್ಬರು, ಕಾರು ಯಾರಿಗೆ ತಗುಲುತ್ತೋ ಅವರು ಮೂರನೆಯವರು."

"ಅದೊಂದು ಇರಲಿ. ಮಿಕ್ಕಿದ್ದೆಲ್ಲ ಹೊಡೆದುಹಾಕಿ."

"ಮೂರು ಕಂಪನಿಗೂ ಹೋಲಿಸಿ ನೋಡಿದ್ರೆ ಸಮಗ್ರ ವಿಮೆನೇ..."

"ಹೋಲಿಸಿದ್ದೀನಿ. ಆ ಸಾಲು ಮೂರರಲ್ಲೂ ಒಂದೇ ದರ. ಬೇರೆ ಕೇಳ್ತೀನಿ, ಹೇಳಿ. ಈ ಮೂರರಲ್ಲಿ ಸತ್ತವರ ಮನೆಗೆ ಬೇಗ ದುಡ್ಡು ಕೊಡೋ ಕಂಪನಿ ಯಾವುದು?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಎರಡನೆಯ ಹಾಳೆ ಮುಟ್ಟಿದ. ಕಮಿಷನ್ ಕಣ್ಣೆದುರೇ ಕರಗುತ್ತಿತ್ತು. ಅವನಿಗೂ ಒಳಗೊಳಗೆ ಸಿಟ್ಟು ಬಂತು.

"ಹೋಗ್ಲಿ, ಓಡಿಸೋರಿಗಾದ್ರೂ ಅಪಘಾತ ವಿಮೆ ಹಾಕ್ಲಾ? ಪಾಪ, ಯಜಮಾನರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಅವನಿಗಾ? ಒಂದು ಪೈಸೆ ಬೇಡ."

"ಪಕ್ಕದಲ್ಲಿ ಕೂರೋರಿಗೆ? ನೀವೂ ಕೂರ್ತೀರಲ್ಲ."

"ನಾನು? ಆ ಕಾರಲ್ಲಿ?" ಆಕೆ ಮೊದಲ ಸಲ ನಕ್ಕಳು. ಆ ನಗು ನೋಡಿ ಏಜೆಂಟ್ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ.

ಆಕೆ ತಂದಿದ್ದು ನೋಂದಣಿ ಪತ್ರದ ಒಂದು ಜೆರಾಕ್ಸ್, ಒಂದು ಫೋಟೊ. ಜೆರಾಕ್ಸಿನ ಮೂಲೆಯಲ್ಲಿ ಯಾವುದೋ ಕೋರ್ಟಿನ ನೇರಳೆ ಮುದ್ರೆ ಇತ್ತು, ಕೆಂಪು ಶಾಯಿಯಲ್ಲಿ ದಾಖಲೆ ೪೭ ಎಂದು ಬರೆದಿತ್ತು. ಅವನು ಕಾರಿನ ನಂಬರನ್ನೂ ಮಾಲೀಕನ ಹೆಸರನ್ನೂ ಇಳಿಸಿಕೊಂಡ. ಫೋಟೊದಲ್ಲಿ ಕಾರಿನ ಎಡ ಮೂಲೆ ಒಳಕ್ಕೆ ಹೋಗಿತ್ತು, ದೀಪ ಒಡೆದಿತ್ತು.

"ಅಯ್ಯೋ, ರಿಪೇರಿ ಮಾಡಿಸಿದ್ರಾ?"

"ಮಾರನೇ ವಾರವೇ ಮಾಡಿಸಿದ. ಈಗ ಫಳಫಳ ಅಂತಿದೆ."

"ಹಳೇ ಪಾಲಿಸಿ ಎಲ್ಲಿ?"

"ಇರಲಿಲ್ಲ. ವಿಮೆ ಅಂದ್ರೆ ದಂಡದ ಖರ್ಚು ಅಂತ ಎಲ್ಲರೆದುರು ನಿಂತು ಹೇಳಿದ, ನಾಚಿಕೆಗೆಟ್ಟವನು. ಮನೆ, ಅಂಗಡಿ ಎಲ್ಲ ಮೊದಲೇ ಹೆಂಡತಿ ಹೆಸರಿಗೆ ಬರೆದಿಟ್ಟಿದ್ದಾನೆ. ಜಾಣ."

"ಹಾಗಾದ್ರೆ ನೀವೇ ಯಜಮಾನಿ ಅನ್ನಿ!" ಏಜೆಂಟ್ ಹಲ್ಲು ಕಿರಿದ. ಆಕೆ ಅವನನ್ನೇ ದಿಟ್ಟಿಸಿದಳು. ಅವನು ಫೋಟೊ ಕೆಳಗಿಟ್ಟ.

"ನಾಳೆ ಬೆಳಿಗ್ಗೆಯೊಳಗೆ ಪಾಲಿಸಿ ಜಾರಿ ಆಗಬೇಕು," ಎಂದಳು. "ಲೈಸೆನ್ಸ್ ಆರು ತಿಂಗಳು ಕಿತ್ತಿಟ್ಕೊಂಡಿದ್ರು. ಆರೇ ತಿಂಗಳು! ಅದು ಇವತ್ತಿಗೆ ಮುಗೀತು. ನಾಳೆ ಎಂಟೂವರೆಗೆ ಮತ್ತೆ ಶಾಲೆ ರಸ್ತೆಗೆ ಇಳೀತಾನೆ. ಅದೇ ಹೊತ್ತಿಗೆ ನನ್ನ ಇಬ್ಬರು ಮಕ್ಕಳು ಅಲ್ಲಿ ನಡೆದು ಹೋಗ್ತಿರ್ತಾರೆ."

"ಕಾರಿದ್ದೂ ಮಕ್ಕಳು ನಡೆದು ಹೋಗೋದಾ?"

"ಅವರಪ್ಪ ಕೈ ಹಿಡಿದು ನಡೆಸಿಕೊಂಡೇ ಹೋಗ್ತಿದ್ರು."

ಕೊನೆಗೂ ಬಾಯಲ್ಲಿ ಬಹುವಚನ ಬಂತಲ್ಲ ಎಂದು ಏಜೆಂಟಿಗೆ ಸಮಾಧಾನವಾಯಿತು. ಕುಡುಕನೋ ಪೋಲಿಯೋ, ಗಂಡ ಗಂಡನೇ ತಾನೆ? ರಾತ್ರಿ ಹನ್ನೆರಡರಿಂದಲೇ ಜಾರಿ ಎಂದು ಭರವಸೆ ಕೊಟ್ಟು ಅರ್ಜಿ ತುಂಬಿಸತೊಡಗಿದ.

"ಪಾಲಿಸಿ ಅವರ ಮೊಬೈಲಿಗೆ ಕಳಿಸ್ಲಾ?"

"ನನ್ನ ಕೈಗೆ ಕೊಡಿ. ವಿಮೆ ಇದೆ ಅಂತ ಗೊತ್ತಾದ್ರೆ ಇನ್ನೂ ಕೊಬ್ಬಿ ಓಡಿಸ್ತಾನೆ."

ಆಕೆ ಬ್ಯಾಗಿನಿಂದ ನೋಟು ತೆಗೆದಳು. ಎಲ್ಲ ಚಿಲ್ಲರೆ ನೋಟುಗಳು, ಬ್ಲೌಸು ಹೊಲಿದು, ಪ್ಯಾಂಟು ಗಿಡ್ಡ ಮಾಡಿ ಕೂಡಿಟ್ಟದ್ದು. ಇಷ್ಟು ಬೈಯುವವಳು ಅವನ ಕಾರಿಗೆ ತಾನೇ ಏಕೆ ಕಟ್ಟುತ್ತಿದ್ದಾಳೆ? ಏಜೆಂಟಿಗೆ ಕೇಳಬೇಕೆನಿಸಿತು. ಗಂಡಹೆಂಡಿರ ಜಗಳದಲ್ಲಿ ತನಗೇನು ಕೆಲಸ ಎಂದು ನೋಟು ಎಣಿಸಿಕೊಂಡ.

ಅರ್ಜಿಯ ಕೊನೆಗೆ, ಹಣ ಕಟ್ಟುವವರಿಗೂ ಮಾಲೀಕರಿಗೂ ಇರುವ ಸಂಬಂಧ ಎಂಬ ಖಾನೆಯಿತ್ತು. ಕೇಳುವುದೇನಿದೆ ಎಂದು ಅವನೇ ದುಂಡಗೆ ‘ಹೆಂಡತಿ’ ಎಂದು ಬರೆದು ಸಹಿಗೆ ಕೊಟ್ಟ.

ಆಕೆಯ ಉಗುರು ಸಾಲುಸಾಲಾಗಿ ಇಳಿದು ಅಲ್ಲಿ ನಿಂತಿತು. ಮುಖ ಕೆಂಪೇರಿತು. ಹರಿದು ಬಿಸಾಡುತ್ತಾಳೆ ಎಂದೇ ಅವನು ಹೆದರಿದ. ಆಕೆ ಹರಿಯಲಿಲ್ಲ, ಹೊಡೆದುಹಾಕಲೂ ಇಲ್ಲ. ಅವನ ಪೆನ್ನು ಕಿತ್ತುಕೊಂಡು ಆ ಪದದ ಎಡಕ್ಕೆ ಉಳಿದಿದ್ದ ಜಾಗದಲ್ಲಿ ಒತ್ತಿ ಒತ್ತಿ ಏನನ್ನೋ ಸೇರಿಸಿದಳು. ಸಹಿ ಹಾಕಿದಳು. ರಸೀದಿ, ಫೋಟೊ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಏಜೆಂಟ್ ಅರ್ಜಿಯನ್ನು ತನ್ನತ್ತ ತಿರುಗಿಸಿಕೊಂಡು ಓದಿದ: ‘ಈ ಕಾರಿಗೆ ಸಿಕ್ಕಿ ಸತ್ತವರ ಹೆಂಡತಿ.’