ತುದಿಯ ರಸ

ಕೃಷ್ಣರಾಜನಗರದ ರಸ್ತೆಯಲ್ಲಿ ಕಬ್ಬಿನ ಲಾರಿ ಎದುರಾದರೆ, ಆ ಹಸಿ ವಾಸನೆಗೆ ಇಂದಿಗೂ ಸೋದರತ್ತೆಯ ನೆನಪಾಗುತ್ತದೆ.

ಅತ್ತೆ ನಮ್ಮ ಭಾಗದ ಸಕ್ಕರೆ ಕಾರ್ಖಾನೆಗೆ ಬಂದ ಮೊದಲ ಹೆಣ್ಣು ಕೆಮಿಸ್ಟ್. ಕಬ್ಬು ಮಾಗಿದೆ ಎಂದು ಅವಳು ಹೇಳಿದ ಮೇಲೆಯೇ ಕಟಾವು. ತೊಂಬತ್ತರ ದಶಕದ ಒಂದು ಮಧ್ಯಾಹ್ನ ಅವಳು ಬಂದದ್ದು ತಾತನ ಗದ್ದೆಗೆ. ಮಗಳು ಅಪ್ಪನಿಗೆ ಏನು ಹೇಳುತ್ತಾಳೋ ನೋಡಲು ಅಕ್ಕಪಕ್ಕದ ರೈತರು ಬದುವಿನ ಮೇಲೆ ನಿಂತಿದ್ದರು.

ಬುಡದ ರಸ ಒಂದು ಹನಿ, ಆಮೇಲೆ ತುದಿಯದೊಂದು ಹನಿ. ಸಿಹಿ ಅಳೆಯುವ, ದುರ್ಬೀನಿನಂಥ ಪುಟ್ಟ ಕೊಳವೆಯ ಗಾಜಿಗೆ ಬಿಟ್ಟು, ಬಿಸಿಲಿಗೆ ಹಿಡಿದು ಅತ್ತೆ ನೋಡಿದಳು.

“ಬುಡ ಸರಿಯಾಗೇ ಅದೆ. ತುದೀಲಿ ಸಿಹಿ ಸಾಲ್ದು. ಇನ್ನೂ ಕಾಯ್ಬೇಕು ಕಣಪ್ಪ.”

“ಮಗಳಿದ್ದೂ ಇಷ್ಟೇನಾ ಅಂತ ಊರೆಲ್ಲ ನಗಾಡ್ತದೆ ಕಣವ್ವ,” ತಾತ ಮೆಲ್ಲಗೆ ಹೇಳಿದ.

ಅತ್ತೆ ಕೊಳವೆಯನ್ನು ಅವನ ಕೈಗಿಟ್ಟಳು. ತಾತ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಅವನಿಗೆ ಏನು ಕಂಡಿತೋ ಗೊತ್ತಿಲ್ಲ.

ಬದುವಿನಿಂದ ಒಬ್ಬ ಕೂಗಿದ: “ಅಣ್ಣೋ, ನಂದ್ನೂವೆ ಒಸಿ ಪಾಸು ಮಾಡಕ್ಕೆ ಹೇಳು ನಿನ್ನ ಮಗಳಿಗೆ!”

ತಾತ ಗಾಜನ್ನು ಪಂಚೆಯ ಅಂಚಿನಿಂದ ಒರೆಸಿ, ಕೊಳವೆಯನ್ನು ಅತ್ತೆಗೆ ಕೊಟ್ಟ.

“ನಂದ್ನೇ ಮಾಡ್ನಿಲ್ಲ ಕಣ್ಲಾ. ನೀನೇ ಬಂದು ಕೆಮಿಸ್ಟಮ್ಮೋರ್ನ ಕೇಳು.”