ಖಾಲಿ ಗುಳ್ಳೆಗಳ ಸಂಚಿಕೆ

ಹುಬ್ಬಳ್ಳಿಯ ಒಂದು ರೇಡಿಯೋ ಸ್ಟುಡಿಯೋ... ಬೆಳಗಿನ ಹನ್ನೊಂದು ಗಂಟೆ. ಕೇಳುಗರೂ ಫೋನ್ ಮಾಡಬಹುದಾದ ಲೈವ್ ಕಾರ್ಯಕ್ರಮ.

ಮೈಕಿನ ಮುಂದೆ ಕೂತವರು ವಾಮನರಾಯರು. ಇಪ್ಪತ್ತು ವರ್ಷ ಮಕ್ಕಳಿಗಾಗಿ ಕಾಮಿಕ್ಸ್ ಪ್ರಕಟಿಸಿದವರು. ರಾಕೆಟ್ಟು, ರೋಬೋಟು, ಅನ್ಯಗ್ರಹದ ಜೀವಿಗಳು... ಇಡೀ ಬ್ರಹ್ಮಾಂಡವನ್ನೇ ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಆಸಾಮಿ!

ಮಾತು ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಸಂದರ್ಶನ ಮಾಡುತ್ತಿದ್ದ ಶಶಿಕಲಾ ಒಂದು ಹಳೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ರಾಯರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು.

ಅದು ಅವರದೇ ಕಾಮಿಕ್ಸ್‌ನ ಇಪ್ಪತ್ತೈದು ವರ್ಷಗಳ ಹಿಂದಿನ ದೀಪಾವಳಿ ಸಂಚಿಕೆ. ಚಿತ್ರಗಳೇನೋ ಇದ್ದವು... ಆದರೆ ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳೆಲ್ಲ ಖಾಲಿ. ಒಂದಕ್ಷರವೂ ಇಲ್ಲ!

"ಸರ್, ಆಗ ನಾನು ನಾಕನೇ ಕ್ಲಾಸು. ಮಾತಾಡೂಮುಂದ ತೊದಲತಿದ್ದೆ, ಎಲ್ಲಾರೂ ನಗತಿದ್ರು. ಈ ಖಾಲಿ ಗುಳ್ಳಿಯೊಳಗ ನಾನ ಪೆನ್ಸಿಲ್ಲಿಂದ ಮಾತು ಬರದೆ. ದಿನಾ ಅದನ್ನ ಜೋರಾಗಿ ಓದಿ ಓದಿ... ಇವತ್ತ ರೇಡಿಯೋದಾಗ ಮಾತಾಡಾಕತ್ತೀನಿ."

ಕೊನೆಯ ಪುಟ ತೆರೆದಳು. ದೂರದ ಗ್ರಹದಲ್ಲಿ ಒಬ್ಬನೇ ಸಿಕ್ಕಿಕೊಂಡ ಗಗನಯಾತ್ರಿ, ವೈರ್‌ಲೆಸ್ ಹಿಡಿದು ಭೂಮಿಯನ್ನು ಕರೆಯುತ್ತಿದ್ದಾನೆ. ಗುಳ್ಳೆಯಲ್ಲಿ ಮಗುವಿನ ಸೊಟ್ಟ ಅಕ್ಷರ...

"ನಾ ಇಲ್ಲೇ ಅದೀನಿ. ಯಾರರ ಕೇಳಾಕತ್ತೀರೇನು?"

ಓದಿ ಮುಗಿಸಿ ಅವಳು ಕಣ್ಣೊರೆಸಿಕೊಂಡಳು. "ಮಕ್ಕಳು ತಾವ ಬರೀಲಿ ಅಂತ ಬೇಕಂತನ ಖಾಲಿ ಬಿಟ್ಟಿದ್ರಂತಲ್ಲ... ಎಂಥಾ ಐಡಿಯಾ ಸರ್ ನಿಮ್ದು!"

ಹೌದು, ಊರೆಲ್ಲ ಹಾಗೇ ಹೇಳುತ್ತಿತ್ತು. ಮರು ಸಂಚಿಕೆಯಲ್ಲಿ "ಗುಳ್ಳೆ ತುಂಬಿ, ಬಹುಮಾನ ಗೆಲ್ಲಿ" ಎಂದು ಹಾಕಿ ಆ ಮಾತಿಗೆ ಗಾಳಿ ಊದಿದವರೂ ರಾಯರೇ!

ನಿಜ ಬೇರೆಯೇ ಇತ್ತು...

ಮಾತುಗಳನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದವನು ಫಕೀರಪ್ಪ. ಪಕ್ಕದಲ್ಲಿ ರೇಡಿಯೋ ಹಾಡುತ್ತಿದ್ದರೇ ಅವನ ಕೈ ಓಡುತ್ತಿತ್ತು. ಆ ಸಲವೂ ಹೇಳಿದ ದಿನಕ್ಕೇ ಬರೆದು ಕೊಟ್ಟಿದ್ದ. ರಾಯರು ಅವಸರದಲ್ಲಿ ಬೇರೆ ಲಕೋಟೆ ಎತ್ತಿಕೊಂಡು, ಮಾತು ಬರೆಯದ ಪ್ರತಿಯನ್ನು ಪ್ರೆಸ್ಸಿಗೆ ಕೊಟ್ಟುಬಿಟ್ಟರು.

ಪುಸ್ತಕ ಅಚ್ಚಾಗಿ ಬಂದಾಗ, ಮಾತು ಬರೆದೇ ಇಲ್ಲವೆಂದು ಹತ್ತು ಜನರ ಮುಂದೆ ಫಕೀರಪ್ಪನನ್ನು ಬೈದರು. "ಬರದು ನಿಮ್ಮ ಕೈಯಾಗ ಕೊಟ್ಟೇನ್ರೀ" ಎಂದ ಅವನ ಮಾತನ್ನು ಯಾರೂ ನಂಬಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ.

ವಾರದ ನಂತರ ಫಕೀರಪ್ಪ ಬರೆದುಕೊಟ್ಟ ಹಾಳೆಗಳು ರಾಯರ ಡ್ರಾಯರಿನಲ್ಲೇ ಸಿಕ್ಕವು. ಆಗ ನಿಜ ಹೇಳಲು ಬಾಯಿ ಬರಲಿಲ್ಲ... ಆಮೇಲೂ ಬರಲಿಲ್ಲ.

ಈಗ "ಹೌದಮ್ಮಾ" ಎಂದರೆ ಮುಗಿಯಿತು.

ರಾಯರು ಮೆಲ್ಲಗೆ ಕೇಳಿದರು... "ಇದನ್ನ ಆಮ್ಯಾಲೆ ಕಟ್ ಮಾಡಲಿಕ್ಕೆ ಬರ್ತದೇನು?"

"ಇಲ್ಲ ಸರ್, ಲೈವ್ ಅದ."

"ಛಲೋ ಆತು. ಇಲ್ಲಾಂದ್ರ ನಾನ ಕಟ್ ಮಾಡಸ್ತಿದ್ದೆ. ಅದು ಐಡಿಯಾ ಅಲ್ಲಮ್ಮಾ, ತಪ್ಪು. ಆ ತಪ್ಪು ನಂದು. ಫಕೀರಪ್ಪ ಒಂದೊಂದು ಅಕ್ಷರಾನೂ ಬರೆದು ಕೊಟ್ಟಿದ್ದ. ಹತ್ತು ಮಂದಿ ಮುಂದ ಅವನ ಮಾನ ಕಳದೆ. ನಿಜ ಗೊತ್ತಾದ ಮ್ಯಾಲೂ ಸುಮ್ಮನ ಕೂತೆ. ಫಕೀರಪ್ಪಾ... ನನ್ನ ಕ್ಷಮಿಸಪಾ."

ಅಷ್ಟರಲ್ಲಿ ಫೋನಿನ ದೀಪ ಮಿನುಗಿತು. ಶಶಿಕಲಾ ಎತ್ತಿದಳು.

"ಹಲೋ... ಯಾರ್ರೀ ಮಾತಾಡೋದು?"

ಆ ಕಡೆಯಿಂದ ಒಂದು ಮುದಿ ದನಿ...

"ಕೇಳಾಕತ್ತೀನ್ರೀ, ರಾಯರ."

ವಾಮನರಾಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ಅಂಗಡಿ ಬೋರ್ಡು ಬರೀಯಾಕತ್ತಿದ್ದೆ, ಬ್ರಷ್ ಕೈಯಾಗ ಹಂಗ ನಿಂತತಿ. ನನ್ನ ಹಾಳಿ ಇನ್ನೂ ಅದಾವೇನ್ರೀ?"

"ಅದಾವಪಾ... ಒಂದೂ ಒಗದಿಲ್ಲ."

"ಹಂಗಾರ ಸಂಜಿಕ ಬರ್ತೀನ್ರಿ. ಆ ಹುಡುಗೀನೂ ಪುಸ್ತಕ ತಗೊಂಡ ಬರ್ಲಿ. ನಾ ಏನ್ ಬರದಿದ್ದೆ, ಆಕಿ ಏನ್ ಬರದಾಳ, ಕೂಡಿ ನೋಡೂಣು."

ತಪ್ಪು ಒಪ್ಪಿಕೊಳ್ಳುವ ಒಂದು ಮಾತನ್ನು ಎಷ್ಟು ತಡವಾಗಿ ಹೇಳಿದರೂ ಅದು ಮುಟ್ಟಬೇಕಾದವರನ್ನು ಮುಟ್ಟುತ್ತದೆ.

ನೀವು ಹೇಳದೇ ಖಾಲಿ ಬಿಟ್ಟಿರುವ ಗುಳ್ಳೆ ಯಾರದು...?