ಹೊದಿಕೆಯ ಹೆಸರು

“ಆನೆ ಬಂದದೆ ಅಂತ ಮೆಸೇಜ್ ಬಂತು ಕಣವ್ವ. ಯಾವ ಹಾಡಿಗೆ ಓಗ್ಲಿ? ಹೆಸರಿನ ಜಾಗದಲ್ಲಿ ‘ರ್‍ಯಾಪರ್’ ಅಂತ ಅದೆ,” ಎಂದು ಅರಣ್ಯ ಇಲಾಖೆಯ ಆನೆ ಕಾವಲು ಜೀಪಿನಿಂದ ಜಯರಾಮ ಫೋನಿನಲ್ಲಿ ಕೇಳಿದಾಗ ಶ್ಯಾಮಲಾ ಆ ಮೆಸೇಜ್ ಕಳಿಸುವ ತನ್ನ ಪ್ರೋಗ್ರಾಮನ್ನು ತೆರೆದಳು.

ಅದರಲ್ಲಿ ಕಾಡಂಚಿನ ಒಂದೊಂದು ಹಾಡಿಗೂ ಒಂದು ಫಂಕ್ಷನ್ ಬರೆದು, ಆ ಹಾಡಿಯ ಹೆಸರನ್ನೇ ಅದಕ್ಕೆ ಇಟ್ಟವಳು ಅವಳು. ಮೆಸೇಜಿನಲ್ಲಿ ಹೋಗುವುದೂ ಅದೇ ಹೆಸರು. ಬೆಳಿಗ್ಗೆ ಎಲ್ಲಕ್ಕೂ ಹೊಸ ಡೆಕೊರೇಟರ್, ಎಂದರೆ ಹೊರಗಿನಿಂದ ಸುತ್ತುವ ಇನ್ನೊಂದು ಫಂಕ್ಷನ್, ಹೊದಿಸುವಾಗ ಒಳಗಿನ ಹೆಸರನ್ನು ಉಳಿಸುವ ಒಂದು ಸಾಲು ಬಿಟ್ಟುಹೋಗಿತ್ತು. ಈಗ ಎಲ್ಲ ಹಾಡಿಗೂ ಹೊದಿಕೆಯದೇ ಹೆಸರು: ‘ರ್‍ಯಾಪರ್’.

ಆ ಸಾಲು ಸೇರಿಸಿ ಮತ್ತೆ ರನ್ ಮಾಡಿದಳು. “ಮಲ್ಲನ ಹಾಡಿ, ಜಯರಾಮಣ್ಣ. ಬೇಗ ಹೋಗಿ.”

ಅಷ್ಟರಲ್ಲಿ ಅವನ ಇನ್ನೊಂದು ಫೋನು ರಿಂಗಾಗಿತ್ತು. ಮಾತಾಡಿ ಬಂದವನ ದನಿ ಇಳಿದಿತ್ತು.

“ಅಲ್ಲಿಂದ್ಲೇ ಫೋನ್ ಬಂತು ಬುಡವ್ವ. ಅವಸರ ಬ್ಯಾಡ್ವಂತೆ. ಮುಚ್ಚಕ್ಕೆ ಒಂದು ಕಂಬಳಿ ತನ್ನಿ ಅಂದ್ರು.”